ಹೆಬ್ಬೆಟ್ಟು ಒತ್ತುವ ಮುಂಚೆ

ನಾನು ಬಾಂಡ್ ರೈಟರ್. ಊರು ಬಬಲೇಶ್ವರ, ಹೊಟ್ಟೆಪಾಡು ವಿಜಯಪುರದಲ್ಲಿ. ಖರೇದಿ, ವಾಟ್ನಿ (ಪಾಲುಪಟ್ಟಿ), ಬಕ್ಷೀಸ್ (ದಾನಪತ್ರ), ಮೃತ್ಯುಪತ್ರ ಅಂತ ಬಬಲೇಶ್ವರ, ತಿಕೋಟಾ ಭಾಗದ ಹೊಲಮನೆಗಳ ಕಾಗದ ಬರೆಯುತ್ತಲೇ ತಲೆ ಹಣ್ಣಾಯಿತು. ವಯಸ್ಸಾದವರ ಯೋಗಕ್ಷೇಮ ಅಂದರೆ ಜನ ಊಟ, ಗುಳಿಗೆ, ವೃದ್ಧಾಶ್ರಮದ ಮಾತು ತೆಗೆಯುತ್ತಾರೆ. ನನ್ನ ಟೇಬಲ್ಲಿಗೆ ಬಂದ ಹಿರಿಯರನ್ನು ನೋಡಿ ನನಗನಿಸಿದ್ದೇ ಬೇರೆ. ಅವರ ಸ್ವಾತಂತ್ರ್ಯದ ದೊಡ್ಡ ಪಾಲು ಇರುವುದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವ ಹೆಸರಿನಲ್ಲಿ. ಆ ಹೆಸರು ಬಿಟ್ಟುಕೊಡುವಾಗ ಏನು ಉಳಿಸಿಕೊಳ್ಳಬೇಕು ಎಂಬುದಷ್ಟೇ ನಾನು ಹೇಳಬಲ್ಲೆ.

ಹೊಲ ಮಳೆಯನ್ನೇ ನಂಬಿದ್ದ ಕಾಲದಲ್ಲಿ ಹೆಸರು ಬದಲಿಸುವ ಅವಸರ ಯಾರಿಗೂ ಇರಲಿಲ್ಲ. ಬಿಳಿಜೋಳ ಬೆಳೆಯುವ ನೆಲ. ಅಪ್ಪ ಹೋದ ಮೇಲೆ ವಾರಸಾ ಮಾಡಿಸಿದರೆ ಮುಗಿಯುತ್ತಿತ್ತು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಹರಿಯಿತು, ತಿಕೋಟಾ ಸುತ್ತ ದ್ರಾಕ್ಷಿ ಪಡ ಹೆಚ್ಚಿದವು, ಎಕರೆಯ ಬೆಲೆ ಏರಿತು. ಪಡಕ್ಕೆ ಕಲ್ಲು, ತಂತಿ, ಡ್ರಿಪ್ ಅಂತ ಲಕ್ಷಗಟ್ಟಲೆ ಬೇಕು. "ಅಪ್ಪನ ಹೆಸರ್ಲೆ ಇದ್ರ ಬ್ಯಾಂಕಿನಾವ್ರು ಸಾಲ ಕೊಡಾಕ ಹಿಂದ ಮುಂದ ನೋಡ್ತಾರ್ರಿ" ಎನ್ನುವ ಮಗನ ಮಾತಿನಲ್ಲಿ ಸುಳ್ಳಿರುವುದಿಲ್ಲ. ಹೀಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಒಳ್ಳೆಯವರೇ. ಆದರೆ ಒಳ್ಳೆಯ ಮಗನಿಗೂ ಸಾಲ ಮೈಮೇಲೆ ಬರಬಹುದು, ಅಪಘಾತವಾಗಬಹುದು, ಹೊಲ ಒತ್ತೆ ಬಿದ್ದು ಹೋಗಬಹುದು. ಕಾಗದವನ್ನು ಅಂಥ ದಿನಕ್ಕಾಗಿ ಬರೆಯಬೇಕು.

ಮೊದಲು ಕಲಿತದ್ದು, ಆಸ್ತಿಯ ಒಡೆಯರನ್ನು ಒಬ್ಬರೇ ಇರುವಾಗ ಕೇಳುವುದು. ಮುತ್ಯಾನನ್ನು ಕುರ್ಚಿ ಮೇಲೆ ಕೂಡಿಸಿ ಸುತ್ತ ನಾಲ್ಕು ಮಂದಿ ನಿಂತರೆ ಮಾತೆಲ್ಲ ನಿಂತವರದೇ. ಅವರನ್ನು ಚಹಾಕ್ಕೆ ಕಳಿಸಿ ಕೇಳುತ್ತೇನೆ: "ಮುತ್ಯಾ, ಇದು ನಿಮ್ಮ ಮನಸಿನ ಮಾತೋ, ಮಂದೀದೋ? ಬರದ ಮ್ಯಾಲ ಎಲ್ಲಿರ್ತೀರಿ? ಖರ್ಚಿಗೆ ಏನು?" ಕೆಲವರು ತಟ್ಟನೆ ಉತ್ತರ ಕೊಡುತ್ತಾರೆ. ಕೆಲವರು ಬಹಳ ಹೊತ್ತು ಸುಮ್ಮನಿರುತ್ತಾರೆ. ಸುಮ್ಮನಿದ್ದವರ ಕಾಗದ ಅವತ್ತು ಬರೆಯುವುದಿಲ್ಲ. ಗಿರಾಕಿ ಬೇರೆ ಕಡೆ ಹೋದರೂ ಸರಿ.

ತಿಕೋಟಾ ಕಡೆಯ ಒಬ್ಬ ಆಯಿ ನನಗೆ ದೊಡ್ಡ ಪಾಠ ಹೇಳಿದಳು. ಗಂಡ ತೀರಿಕೊಂಡಿದ್ದರು. ತನ್ನ ಪಾಲಿನ ಹಕ್ಕನ್ನೂ ಗಂಡುಮಕ್ಕಳಿಗೆ ಬಿಟ್ಟುಕೊಡಲು ಬಂದಿದ್ದಳು. "ಹೊಲ ಅವ್ರು ಒಯ್ಲಿ. ಪಡಸಾಲಿ, ಅದರ ಬಾಜೂಕಿನ ಖೋಲಿ ನನ್ನ ಹೆಸರ್ಲೆ ಬರೀಪಾ" ಅಂದಳು. ಯಾಕೆ ಆಯಿ, ಮಕ್ಕಳು ಇರಗೊಡುವುದಿಲ್ಲವೇ ಎಂದೆ. "ಅವ್ರು ಇರಗೊಡ್ತಾರ. ಪಂಚಮಿಗೆ ಹೆಣ್ಮಕ್ಕಳು ಬಂದ್ರ ಇಳ್ಯಾಕ ನಂದೂ ಅಂತ ಒಂದು ಜಾಗಾ ಬೇಕಲ್ಲ?" ತಾನು ತಿನ್ನುವ ರೊಟ್ಟಿಯ ಚಿಂತೆ ಆಕೆಗಿರಲಿಲ್ಲ. ಮಗಳನ್ನು ಕರೆಯುವ ಅಧಿಕಾರ ಕೈತಪ್ಪಬಾರದು ಅಷ್ಟೇ. ಅಂದಿನಿಂದ ಯಾರೇ ಬರಲಿ, ಮನೆಯಲ್ಲಿ ನಿಮ್ಮದೆಂಬ ಜಾಗ ಯಾವುದು ಎಂದು ಕೇಳದೆ ಪೆನ್ನು ಎತ್ತುವುದಿಲ್ಲ.

ಬಕ್ಷೀಸ್ ಪತ್ರಕ್ಕೂ ಮೃತ್ಯುಪತ್ರಕ್ಕೂ ಇರುವ ಅಂತರ ಬಹಳ ಜನಕ್ಕೆ ಗೊತ್ತಿಲ್ಲ. ಬಕ್ಷೀಸ್ ನೋಂದಣಿಯಾದರೆ ಆಸ್ತಿ ಕೈಬಿಟ್ಟಿತು. ಮನಸ್ಸು ಬದಲಾಯಿತೆಂದು ತಿರುಗಿ ಪಡೆಯಲಾಗದು. ಮೃತ್ಯುಪತ್ರ ಹಾಗಲ್ಲ. ಬದುಕಿರುವವರೆಗೆ ಆಸ್ತಿ ನಿಮ್ಮದೇ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿದಾರರು ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬಕ್ಷೀಸೇ ಆಗಬೇಕು ಅಂದರೆ ಜೀವ ಇರುವತನಕ ಅನುಭೋಗಿಸುವ ಹಕ್ಕನ್ನು ಇಟ್ಟುಕೊಂಡು ಬರೆಸಬಹುದು. ವಾಟ್ನಿಯಾದರೆ ತಮಗೂ ಒಂದು ಪಾಲು ಇಟ್ಟುಕೊಳ್ಳಬೇಕು. ಪೂರ್ತಿ ಹೊಲ ಬರೆದುಕೊಟ್ಟ ರೈತನಿಗೆ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ನಿಲ್ಲುತ್ತದೆ, ಬೆಳೆ ಪರಿಹಾರ ಮಗನ ಖಾತೆಗೆ ಹೋಗುತ್ತದೆ, ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ (ಪಿಕೆಪಿಎಸ್) ಬೆಳೆಸಾಲ ಹುಟ್ಟುವುದಿಲ್ಲ. ಆಮೇಲೆ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯಲ್ಲೇ ಬದುಕು. ಆ ಪಾಸ್‌ಬುಕ್ಕಾದರೂ ಅವರ ಕೈಯಲ್ಲೇ ಇರಬೇಕು.

ಮೃತ್ಯುಪತ್ರ ಅಂದರೆ ಅಪಶಕುನ ಎಂದು ಮುಖ ತಿರುಗಿಸುವವರಿಗೆ ನಾನು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾವರನ್ನು ನೆನಪಿಸುತ್ತೇನೆ. ಹುಟ್ಟಿದ್ದು ನಮ್ಮ ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಎಲ್ಲರಿಗೂ ತಿಳಿಯಿತು, ತಮ್ಮ ಕೊನೆಯ ಇಚ್ಛೆಯನ್ನು 2014ರಲ್ಲೇ ಬರೆದಿಟ್ಟಿದ್ದರು. ಹೂಳದೆ ಅಗ್ನಿಗೆ ಅರ್ಪಿಸಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಬೇಡ ಎಂದು. ಹಾಗೆಯೇ ನಡೆಯಿತು. ಲಕ್ಷಾಂತರ ಭಕ್ತರ ಅಭಿಮಾನದ ಎದುರು ಅವರ ಇಚ್ಛೆಯೇ ಗೆದ್ದದ್ದು ಅದು ಕಾಗದದ ಮೇಲಿದ್ದುದರಿಂದ. ಇಷ್ಟು ಹೇಳಿದರೆ ಬಹಳ ಮಂದಿ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಇನ್ನು ಕಾನೂನು. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ 23ನೇ ಕಲಂ ನನ್ನ ಕಸುಬಿಗೆ ನೇರ ಸಂಬಂಧಿಸಿದ್ದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ 60 ದಾಟಿದವರು ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ರದ್ದು ಮಾಡುವಂತೆ ಕೇಳಬಹುದು. ಕಾಯ್ದೆ ಜಾರಿಯಾದ ನಂತರದ ಪತ್ರಗಳಿಗೆ ಮಾತ್ರ ಇದು ಅನ್ವಯ. ತೊಡಕಿರುವುದು ಷರತ್ತಿನಲ್ಲಿ. 2022ರ ಡಿಸೆಂಬರಿನಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಥ ಷರತ್ತು ಇತ್ತೆಂದು ತೋರಿಸದೆ 23ನೇ ಕಲಂ ನಡೆಯದು ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ನೋಡಿಕೊಳ್ಳುತ್ತೇನೆಂದು ಮಗ ಬೇರೆಯೇ ಕಾಗದದಲ್ಲಿ ವಚನ ಕೊಟ್ಟಿದ್ದನ್ನೂ ಪರಿಗಣಿಸಿ ಬಕ್ಷೀಸ್ ರದ್ದು ಮಾಡಿತು. ಆಸ್ತಿಯನ್ನು ತಾಯಿಗೆ ಬಿಟ್ಟುಕೊಡಿಸಿತು. ಎರಡೂ ತೀರ್ಪಿನಿಂದ ನಾನು ತಿಳಿದದ್ದು ಒಂದೇ: ಬಾಯಿಮಾತು ಸಾಲದು. "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ" ಎಂಬ ಹಳೆಯ ಸಾಲಿನ ಕೆಳಗೆ ಊಟ, ಬಟ್ಟೆ, ವಸತಿ, ದವಾಖಾನೆ ಖರ್ಚು, ಯಾವ ಖೋಲಿ, ಕೈಖರ್ಚಿಗೆ ತಿಂಗಳಿಗೆಷ್ಟು ಎಂದು ಬಿಡಿಸಿ ಬರೆಯುತ್ತೇನೆ. ಇದನ್ನು ಪಾಲಿಸದಿದ್ದರೆ ಪತ್ರ ರದ್ದಾಗತಕ್ಕದ್ದು ಎಂದೂ ಸೇರಿಸುತ್ತೇನೆ.

ಮೊದಲೇ ಬರೆದುಕೊಟ್ಟು ಈಗ ಕಷ್ಟದಲ್ಲಿರುವವರೂ ಬರುತ್ತಾರೆ. ಅವರನ್ನು ಉಪವಿಭಾಗಾಧಿಕಾರಿಗಳ ಕಚೇರಿಗೆ ಕಳಿಸುತ್ತೇನೆ. ಜನ ಎಸಿ ಆಫೀಸ್ ಅನ್ನುವುದು ಅದನ್ನೇ. ಈ ಕಾಯ್ದೆಯ ನ್ಯಾಯಮಂಡಳಿ ಅಲ್ಲಿದೆ. ವಕೀಲರನ್ನು ಹಿಡಿಯಲೇಬೇಕೆಂದಿಲ್ಲ. ನಡೆಯಲಾಗದವರು ತಮ್ಮ ಪರವಾಗಿ ಮತ್ತೊಬ್ಬರಿಂದ ಅರ್ಜಿ ಕೊಡಿಸಬಹುದು. ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು, ಮಕ್ಕಳಿಲ್ಲದವರಿಗೆ ಅವರ ಆಸ್ತಿ ಪಡೆದ ಇಲ್ಲವೇ ಪಡೆಯಲಿರುವ ಸಂಬಂಧಿಕರು, ಎಲ್ಲರೂ ಹೊಣೆಗಾರರು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಟಿಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನ ಆಗಬೇಕು, ಬೇಕಾದರೆ 30 ದಿನ ಹೆಚ್ಚಿಗೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗೆ 14567 ಸಹಾಯವಾಣಿ ಇದೆ.

ಆದರೆ ಬಹಳ ಹಿರಿಯರು ಅರ್ಜಿ ಕೊಡುವುದಿಲ್ಲ. "ಮಗನ ಮ್ಯಾಲ ಕೇಸ್ ಹಾಕಿ ಊರಾಗ ಹ್ಯಾಂಗ ತಿರಗ್ಯಾಡ್ಲಿ?" ಎಂದು ಎದ್ದು ಹೋಗುತ್ತಾರೆ. ಆ ಸಂಕಟವನ್ನು ಯಾವ ಕಲಮಿಗೂ ತೆಗೆಯಲಾಗದು. ಅರ್ಜಿ ಬಂದರೂ ಮೊದಲು ರಾಜಿಗೆ ಕಳಿಸುವ ದಾರಿ ಕಾಯ್ದೆಯಲ್ಲಿದೆ ಎಂದು ಹೇಳಿ ನೋಡುತ್ತೇನೆ. ಕೇಸಿನ ತನಕ ಹೋಗದಿರಲೆಂದೇ ಷರತ್ತನ್ನು ಮೊದಲೇ ಬರೆಯಬೇಕು. ಕಾಗದದಲ್ಲಿ ಷರತ್ತು ಇದೆ ಎಂಬುದು ಮನೆಯವರಿಗೆಲ್ಲ ಗೊತ್ತಿದ್ದರೆ ಅದೇ ಅರ್ಧ ಕೆಲಸ ಮಾಡುತ್ತದೆ.

ಷರತ್ತಿನ ಸಾಲು ಓದಿ ಹೇಳಿದಾಗ ಕೆಲವು ಮಕ್ಕಳು ಮುಖ ಗಂಟಿಕ್ಕುತ್ತಾರೆ. "ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?" ಅವರಿಗೆ ನಾನು ಹೇಳುವುದು ಇಷ್ಟೇ: "ತಮ್ಮಾ, ನೋಡಿಕೊಳ್ಳಾವ್ನ ಇದ್ದಿ ಅಂದ್ರ ಈ ಸಾಲಿನಿಂದ ನಿನಗ ಒಂದು ಪೈಸಾ ಲುಕ್ಸಾನ ಇಲ್ಲ. ಸಹಿ ಮಾಡು." ಬಹಳ ಮಂದಿ ಮಾಡುತ್ತಾರೆ. ಮಾಡದೆ ಹೋದವರೂ ಇದ್ದಾರೆ. ಅವರ ಅಪ್ಪಂದಿರ ಹೊಲ ಅವತ್ತಿನ ಮಟ್ಟಿಗಾದರೂ ಅಪ್ಪಂದಿರ ಹೆಸರಿನಲ್ಲೇ ಉಳಿಯಿತು.