ತಣ್ಣೀರು, ಥರ್ಮಾಮೀಟರ್ ಮತ್ತು ಪಟ್ಟೆಮೀನು



ವಿಶಿಷ್ಟೋಷ್ಣದ ಪಾಠ ಮುಗಿಯುವ ಹೊತ್ತಿಗೆ ಪ್ರತಿ ವರ್ಷವೂ ಯಾರಾದರೊಬ್ಬರು ನನ್ನನ್ನು ಕೇಳುತ್ತೀರಿ: "ಸರ್, ಪರೀಕ್ಷೆ ಬಿಟ್ಟರೆ ಇದು ಇನ್ನೆಲ್ಲಿ ಉಪಯೋಗಕ್ಕೆ ಬರುತ್ತದೆ?" ಈ ಸಲ ಉತ್ತರವಾಗಿ ಒಂದು ಮೀನಿನ ಪಾಠ ಬರೆದಿದ್ದೇನೆ. ಇದು ನಮ್ಮ ಅರಬ್ಬಿ ಸಮುದ್ರದ ಮೀನಲ್ಲ, ಅಮೆರಿಕದ ಪೂರ್ವ ಕರಾವಳಿಯದು. ಆದರೆ ಇದನ್ನು ಹಿಡಿಯುವುದಕ್ಕೂ ಉಳಿಸುವುದಕ್ಕೂ ಬೇಕಾಗುವುದು ನಿಮ್ಮ ಪಠ್ಯಪುಸ್ತಕದ ವಿಜ್ಞಾನವೇ.

ಮೀನಿನ ಪರಿಚಯ

ಹೆಸರು ಸ್ಟ್ರೈಪ್ಡ್ ಬಾಸ್. ವೈಜ್ಞಾನಿಕ ಹೆಸರು ಮೊರೋನೆ ಸ್ಯಾಕ್ಸಾಟಿಲಿಸ್. ಬೆಳ್ಳಿ ಬಣ್ಣದ ಮೈ, ಪಕ್ಕೆಯ ಉದ್ದಕ್ಕೂ ಏಳೆಂಟು ಕಪ್ಪು ಪಟ್ಟೆಗಳು. 30 ಕಿಲೋಗೂ ಮೀರಿ ಬೆಳೆಯಬಲ್ಲದು. ನದಿಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ನದಿಗೆ ಬರುವ ಜಾತಿ ಇದು. ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳು, ಡೆಲವೇರ್ ಮತ್ತು ಹಡ್ಸನ್ ನದಿಗಳು ಇದರ ಮುಖ್ಯ ತವರು. ವಸಂತದಲ್ಲಿ ಮೊಟ್ಟೆಯಿಟ್ಟ ದೊಡ್ಡ ಮೀನುಗಳು ಬೇಸಿಗೆಗೆ ಮ್ಯಾಸಚೂಸೆಟ್ಸ್, ಮೇನ್ ಕಡೆಗೆ ಈಜುತ್ತವೆ; ಚಳಿಗಾಲಕ್ಕೆ ವರ್ಜೀನಿಯಾ, ಉತ್ತರ ಕೆರೋಲಿನಾ ಕರಾವಳಿಗೆ ಇಳಿಯುತ್ತವೆ. ಕೆಲವು ಮೀನುಗಳು ಮಾತ್ರ ಉತ್ತರದ ನದಿಗಳಲ್ಲೇ ಚಳಿಗಾಲ ಕಳೆಯುತ್ತವೆ.

ಬೆಚ್ಚಗಿನ ನೀರು ಎಲ್ಲಿದೆ?

ಮೀನು ಶೀತರಕ್ತ ಪ್ರಾಣಿ. ಸುತ್ತಲಿನ ನೀರು ತಣ್ಣಗಿದ್ದರೆ ಅದರ ಚಯಾಪಚಯವೂ ನಿಧಾನ. ಮಾರ್ಚ್–ಏಪ್ರಿಲ್‌ನಲ್ಲಿ ಅಲ್ಲಿನ ಅಳಿವೆಗಳ ನೀರು ಇನ್ನೂ ಕೊರೆಯುತ್ತಿರುತ್ತದೆ. ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಮೀನು ಚುರುಕಾಗಿ ಆಹಾರ ಹುಡುಕತೊಡಗುತ್ತದೆ. ಹಾಗಾಗಿ ಆ ದಿನಗಳಲ್ಲಿ ಅನುಭವಿ ಗಾಳಗಾರನ ಜೇಬಿನಲ್ಲಿ ಒಂದು ಥರ್ಮಾಮೀಟರ್ ಇರುತ್ತದೆ.

ಈಗ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗ ತೆಗೆದುಕೊಳ್ಳಿ. ನೀರಿನ ಆಳ ಅರ್ಧ ಮೀಟರ್ ಆದರೆ ಅದರ ರಾಶಿ ಸುಮಾರು 500 ಕಿ.ಗ್ರಾಂ. ಸಮುದ್ರದ ನೀರಿನ ವಿಶಿಷ್ಟೋಷ್ಣ ಸುಮಾರು 4,000 ಜೂಲ್ ಎಂದಿಟ್ಟುಕೊಂಡರೆ, ಒಂದು ಡಿಗ್ರಿ ಏರಿಸಲು 20 ಲಕ್ಷ ಜೂಲ್ ಬೇಕು. ಬಿಸಿಲಿನಿಂದ 80 ಲಕ್ಷ ಜೂಲ್ ಹೀರಿಕೊಂಡರೆ ಉಷ್ಣತೆ 4 ಡಿಗ್ರಿ ಏರುತ್ತದೆ. ಆಳ 5 ಮೀಟರ್ ಇದ್ದಲ್ಲಿ ಅಷ್ಟೇ ಬಿಸಿಲಿಗೆ ಏರುವುದು 0.4 ಡಿಗ್ರಿ ಮಾತ್ರ. (ಗಾಳಿಗೆ ನಷ್ಟವಾಗುವ ಶಾಖವನ್ನು ಇಲ್ಲಿ ಬಿಟ್ಟಿದ್ದೇನೆ.) ತಳದಲ್ಲಿ ಕಪ್ಪು ಕೆಸರಿದ್ದರೆ ಅದು ಬಿಸಿಲನ್ನು ಇನ್ನೂ ಚೆನ್ನಾಗಿ ಹೀರುತ್ತದೆ.

ಆದ್ದರಿಂದ ವಸಂತದ ಆರಂಭದಲ್ಲಿ ಬೆಳಗಿನ ಜಾವಕ್ಕಿಂತ ಮಧ್ಯಾಹ್ನ ಒಳ್ಳೆಯದು. ಅದರಲ್ಲೂ ಮಧ್ಯಾಹ್ನ ಇಳಿತವಿದ್ದರೆ, ಕೆಸರು ಬಯಲಿನ ಮೇಲೆ ಕಾದ ನೀರು ಕಾಲುವೆಯ ಬಾಯಿಗೆ ಹರಿದು ಬರುತ್ತದೆ. ಮೀನು ಅಲ್ಲಿ ಕಾದಿರುತ್ತದೆ. ನಮ್ಮ ಬೂತಾಯಿಯ ಗಣಕ್ಕೇ ಸೇರಿದ ಹೆರಿಂಗ್ ಮೀನುಗಳು ವಸಂತದಲ್ಲಿ ನದಿ ಏರುವಾಗ ಅವುಗಳ ಹಿಂದೆಯೂ ಇದು ಬರುತ್ತದೆ.

ಭಾರವಿಲ್ಲದ್ದನ್ನು ಎಸೆಯುವುದು

ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಭಾರ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ತಿರುವುಮುರುವು. ಕೊಕ್ಕೆಗೆ ಗರಿ, ಕೂದಲು ಸುತ್ತಿ ಮಾಡಿದ 'ಫ್ಲೈ'ಗೆ ತೂಕವೇ ಇಲ್ಲವೆನ್ನಬಹುದು. ಹಾಗಾಗಿ ದಾರವನ್ನೇ ದಪ್ಪವಾಗಿ, ತೂಕವಾಗಿ ಮಾಡುತ್ತಾರೆ. ಈ ಮೀನಿಗೆ ಬಳಸುವ 9ನೇ ಸಂಖ್ಯೆಯ ದಾರದ ಮೊದಲ 30 ಅಡಿ ಸುಮಾರು 15.5 ಗ್ರಾಂ ತೂಗುತ್ತದೆ. ಹಿಂದಕ್ಕೆ ಬೀಸಿದಾಗ ಬಾಗುವ ಕೋಲು ಸ್ಥಿತಿಸ್ಥಾಪಕ ಶಕ್ತಿಯನ್ನು ಕೂಡಿಟ್ಟು, ಮುಂದಕ್ಕೆ ಬೀಸಿದಾಗ ದಾರಕ್ಕೆ ಚಲನಶಕ್ತಿಯಾಗಿ ಕೊಡುತ್ತದೆ.

ಮೇರಿಲ್ಯಾಂಡ್‌ನ ಲೆಫ್ಟಿ ಕ್ರೇ 1950ರ ದಶಕದ ಕೊನೆಯಲ್ಲಿ ಚೆಸಪೀಕ್‌ನ ಇದೇ ಮೀನಿಗಾಗಿ ರೂಪಿಸಿದ 'ಡಿಸೀವರ್' ಎಂಬ ಫ್ಲೈ 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೂ ಬಂತು. ಬಾಬ್ ಕ್ಲೌಸರ್ 1980ರ ದಶಕದಲ್ಲಿ ಮಾಡಿದ ಇನ್ನೊಂದು ಫ್ಲೈಗೆ ಲೋಹದ ಕಣ್ಣುಗಳಿವೆ. ಅದು ತಳಕ್ಕೆ ಇಳಿಯುತ್ತದೆ. ತಣ್ಣೀರಿನ ಮೀನು ಬೆನ್ನಟ್ಟಿ ಬಾರದಾದ್ದರಿಂದ ಇಂಥ ಫ್ಲೈಯನ್ನು ತಳದಲ್ಲಿ ಬಹಳ ನಿಧಾನವಾಗಿ ಎಳೆಯಬೇಕು.

ತಿಳಿದವರ ಹೊಣೆ

ಈ ಪಾಠದ ಮುಖ್ಯ ಭಾಗ ಇದೇ. ನೀರು ಸುಮಾರು 15ರಿಂದ 18 ಡಿಗ್ರಿಗೆ ಬಂದಾಗ ಈ ಮೀನು ಹೆಚ್ಚಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಹರಿವಿನಲ್ಲಿ ತೇಲುತ್ತ ಎರಡು ಮೂರು ದಿನಗಳಲ್ಲಿ ಮರಿಯಾಗುತ್ತವೆ. ಅಂದರೆ ಥರ್ಮಾಮೀಟರ್ ಹಿಡಿದು ಬೆಚ್ಚಗಿನ ನೀರನ್ನು ಹುಡುಕುವವನಿಗೆ ಸಿಗುವುದು ಹಲವು ಬಾರಿ ತಾಯಿಮೀನೇ.

1973ರಲ್ಲಿ ಈ ಮೀನಿನ ವಾಣಿಜ್ಯ ಹಿಡುವಳಿ ಸುಮಾರು 6,600 ಟನ್ ಇತ್ತು. 1983ಕ್ಕೆ ಅದು ಸುಮಾರು 1,600 ಟನ್ನಿಗೆ ಕುಸಿಯಿತು. 1984ರಲ್ಲಿ ಅಮೆರಿಕದ ಸಂಸತ್ತು ಸಂರಕ್ಷಣಾ ಕಾಯ್ದೆ ತಂದಿತು. 1985ರಿಂದ 1990ರವರೆಗೆ ಮೇರಿಲ್ಯಾಂಡ್ ಇದನ್ನು ಹಿಡಿಯುವುದನ್ನೇ ನಿಷೇಧಿಸಿತು. 1982ರಲ್ಲಿ ಮತ್ತು ಆಮೇಲೆ ಹುಟ್ಟಿದ ಹೆಣ್ಣುಮೀನುಗಳಲ್ಲಿ ಶೇಕಡಾ 95ರಷ್ಟು ಒಮ್ಮೆಯಾದರೂ ಮೊಟ್ಟೆಯಿಡುವವರೆಗೆ ಕಾಪಾಡಬೇಕು ಎಂಬುದು ಕರಾವಳಿ ರಾಜ್ಯಗಳ ಗುರಿಯಾಗಿತ್ತು. ಅದು ಫಲಿಸಿತು: 1995ರಲ್ಲಿ ಸಂತತಿ ಚೇತರಿಸಿದೆ ಎಂದು ಘೋಷಿಸಲಾಯಿತು.

ಆದರೆ 2019ರ ಅಂದಾಜು, ಮೀನಿನ ಸಂತತಿ ಮತ್ತೆ ಮಿತಿಗಿಂತ ಕೆಳಗಿಳಿದಿದೆ ಎಂದಿತು. ಆ ವರ್ಷದಿಂದ ಸತತವಾಗಿ ಹಲವು ವರ್ಷ ಮೇರಿಲ್ಯಾಂಡ್‌ನ ಮರಿಮೀನು ಸಮೀಕ್ಷೆಯ ಫಲ ಸರಾಸರಿಗಿಂತ ಕಡಿಮೆ ಬಂತು. 2023ರಲ್ಲಿ ಸಮುದ್ರದಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರಿಗೆ ಹೊಸ ನಿಯಮ ಬಂತು: ದಿನಕ್ಕೆ ಒಂದೇ ಮೀನು, ಅದೂ 28ರಿಂದ 31 ಇಂಚು ಉದ್ದದ್ದು. ಅದಕ್ಕಿಂತ ದೊಡ್ಡದು, ಅಂದರೆ ಹೆಚ್ಚು ಮೊಟ್ಟೆಯಿಡುವ ತಾಯಿ, ನೀರಿಗೇ ಹೋಗಬೇಕು. ಬಿಟ್ಟ ಮೀನು ಬದುಕಲೆಂದು ಅನೇಕರು ಕೊಕ್ಕೆಯ ಮುಳ್ಳನ್ನು ಒತ್ತಿ ಚಪ್ಪಟೆ ಮಾಡುತ್ತಾರೆ, ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸುತ್ತಾರೆ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. 1670ರಲ್ಲಿ ಪ್ಲಿಮತ್ ವಸಾಹತು ಬಾಸ್, ಮ್ಯಾಕರೆಲ್, ಹೆರಿಂಗ್ ಮೀನುಗಾರಿಕೆಯ ಆದಾಯವನ್ನು ಉಚಿತ ಶಾಲೆಗೆಂದು ಮೀಸಲಿಟ್ಟಿತ್ತು. ಅಂದು ಮಕ್ಕಳಿಗೆ ಅಕ್ಷರ ಕಲಿಸಿದ ಈ ಮೀನನ್ನು ಉಳಿಸುವ ಕೆಲಸ ಇಂದು ಕಲಿತವರದ್ದಾಗಿದೆ.

ಯೋಚಿಸಿ ಉತ್ತರಿಸಿ

1. ನೀರಿನ ಆಳ 2 ಮೀಟರ್ ಇದ್ದರೆ, 80 ಲಕ್ಷ ಜೂಲ್ ಶಾಖಕ್ಕೆ ಉಷ್ಣತೆ ಎಷ್ಟು ಏರುತ್ತದೆ?
2. ಈ ಮೀನಿನ ಮೊಟ್ಟೆಗೆ ಹರಿಯುವ ನೀರೇ ಏಕೆ ಬೇಕು? ನದಿಗೆ ಅಣೆಕಟ್ಟು ಕಟ್ಟಿದರೆ ಏನಾಗಬಹುದು?
3. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದೇ ತಿಂಗಳುಗಳು ಏಕೆ? ಮೀನುಗಾರಿಕೆ ಬಲ್ಲ ಹಿರಿಯರನ್ನು ಕೇಳಿ, ಒಂದು ಪುಟ ಬರೆದು ತನ್ನಿ.