ಪಿಸಿಬಿಯ ವಿದ್ಯುತ್ ಪದರಗಳಲ್ಲಿ ಅನುರಣನ: ಕಾರಣ ಮತ್ತು ನಿಯಂತ್ರಣ

ಆಲಮೇಲದಂತಹ ಕಬ್ಬಿನ ಸೀಮೆಯಲ್ಲಿ ಮೊಬೈಲ್ ಕರೆಯಿಂದ ಪಂಪ್‌ಸೆಟ್ ನಡೆಸುವ ಸ್ಟಾರ್ಟರಿಗೆ ಸಿಗ್ನಲ್ ಸಿಗದಿದ್ದರೆ ಎಲ್ಲರೂ ದೂರುವುದು ಟವರನ್ನೇ. ಕೆಲವೊಮ್ಮೆ ದೋಷವು ಪೆಟ್ಟಿಗೆಯೊಳಗಿನ ಪಿಸಿಬಿಯಲ್ಲಿರುತ್ತದೆ.

ನಾಲ್ಕು ಪದರಗಳ ಪಿಸಿಬಿಯಲ್ಲಿ ಒಳಗಿನ ಎರಡು ತಾಮ್ರದ ಹಾಳೆಗಳು ಸಾಮಾನ್ಯವಾಗಿ ವಿದ್ಯುತ್ ಪೂರೈಕೆಗೂ ಗ್ರೌಂಡಿಗೂ ಮೀಸಲು. ತೊಟ್ಟಿಯ ನೀರು ಗೋಡೆಗೆ ಬಡಿದು ಮರಳುವಂತೆ, ಪ್ರೊಸೆಸರಿನ ಸ್ವಿಚಿಂಗ್‌ನಿಂದೇಳುವ ತರಂಗವು ಹಾಳೆಗಳ ಅಂಚಿಗೆ ತಗುಲಿ ಹಿಂದಿರುಗುತ್ತದೆ. ಹಾಳೆಯ ಉದ್ದವು ಅರ್ಧ ತರಂಗಾಂತರಕ್ಕೆ ಸಮನಾದಾಗ ಅದು ಬಲಗೊಳ್ಳುವುದೇ ಅನುರಣನ. ಎಫ್‌ಆರ್-4 ವಸ್ತುವಿನಲ್ಲಿ ತರಂಗದ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ತುಸು ಕಡಿಮೆ. ಆದ್ದರಿಂದ 8 ಸೆಂ.ಮೀ. ಹಾಳೆಯಲ್ಲಿ ಅನುರಣನವು ಸುಮಾರು 900 ಮೆಗಾಹರ್ಟ್ಸ್‌ಗೆ ಬರುತ್ತದೆ. ಮೊಬೈಲ್ ಸಂಕೇತಗಳು ಸಂಚರಿಸುವುದೂ ಅದರ ನೆರೆಯಲ್ಲಿಯೇ.

ಕೆಪಾಸಿಟರುಗಳನ್ನು ಹೆಚ್ಚಿಸುತ್ತ ಹೋಗುವುದು ಸಾಮಾನ್ಯ ತಪ್ಪು. ಅವುಗಳ ಜೋಡಣೆಯ ಇಂಡಕ್ಟೆನ್ಸ್ ಕಾರಣ ಇಷ್ಟು ಎತ್ತರದ ಆವರ್ತನದಲ್ಲಿ ಅವುಗಳ ನೆರವು ಅಲ್ಪ. ಮುಖ್ಯವಾದುದು ಹಾಳೆಗಳ ಅಂತರ. 1.6 ಮಿ.ಮೀ. ದಪ್ಪದ ಸಾಮಾನ್ಯ ಪಿಸಿಬಿಯಲ್ಲಿ ಇದು 1 ಮಿ.ಮೀ. ಮೀರಿರುವುದುಂಟು. ಅದನ್ನು 0.1 ಮಿ.ಮೀ.ಗೆ ಇಳಿಸಿದರೆ ಹಾಳೆಗಳ ಸ್ವಂತ ಕೆಪಾಸಿಟೆನ್ಸ್ ಹತ್ತು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಅನುರಣನದ ಆವರ್ತನ ಹೆಚ್ಚೇನೂ ಬದಲಾಗದಿದ್ದರೂ ಅದರ ಶಿಖರ ತಗ್ಗುತ್ತದೆ. ಆದರೆ ಆಗ ಹೊರಪದರದ ಸಿಗ್ನಲ್ ಗೆರೆಗಳು ಒಳಹಾಳೆಗಳಿಂದ ದೂರವಾಗುವುದರಿಂದ ಆರು ಪದರಗಳು ಬೇಕಾಗಬಹುದು, ಬೆಲೆಯೂ ಏರುತ್ತದೆ.

ಚಿಕ್ಕ ಪಿಸಿಬಿಗೆ ಅಗ್ಗದ ದಾರಿಯೇ ಮೇಲು. ಒಳಗಿನ ಎರಡೂ ಹಾಳೆಗಳನ್ನು ಗ್ರೌಂಡ್ ಮಾಡಿ, ಸೆಂಟಿಮೀಟರಿಗೊಂದರಂತೆ ವಯಾಗಳಿಂದ ಹೊಲಿದು, ವಿದ್ಯುತ್ತನ್ನು ಅಗಲವಾದ ಗೆರೆಗಳಲ್ಲಿ ಒಯ್ಯಬಹುದು.

ಉದ್ದಿಮೆದಾರರು ಆರ್ಡರು ಕೊಡುವಾಗ ಒಟ್ಟು ದಪ್ಪವನ್ನಷ್ಟೇ ಅಲ್ಲದೆ ಪದರಗಳ ಅಂತರವನ್ನೂ ನಮೂದಿಸತಕ್ಕದ್ದು. ನಮೂದಿಸದಿದ್ದಲ್ಲಿ ತಯಾರಕರು ತಮ್ಮ ರೂಢಿಯ ಜೋಡಣೆಯನ್ನೇ ಕೊಡುತ್ತಾರೆ.