ಅಪ್‌ಲೋಡ್ ಒತ್ತುವ ಮುಂಚೆ

ಮಗಾ, ಸ್ಕೂಟರಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡು ಊರಿನ ಬೀದಿಗಳ ಫೋಟೋ ತೆಗೆದು, ಜನರೇ ಕೂಡಿ ಬರೆಯುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನವರಿಗೆ ನೆರವಾಗಲು ಹೊರಟಿದ್ದೀಯೆಂದು ನಿಮ್ಮಪ್ಪ ಹೇಳಿದ. ಸಂತೋಷವಾಯಿತು. ಹೆಲ್ಮೆಟ್ಟು, ಬಿಸಿಲು, ಬೀದಿನಾಯಿ ಇವುಗಳ ಬಗ್ಗೆ ಮನೆಯವರು ಹೇಳಿಯೇ ಇರುತ್ತಾರೆ. ಸರ್ವೆ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ದೊಡ್ಡಪ್ಪ ನಾನು, ಬೇರೆಯದನ್ನು ಹೇಳುತ್ತೇನೆ. ಫೋಟೋ ತೆಗೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಅದನ್ನು ಏರಿಸುವಾಗ ನೀನು ಒಪ್ಪಿಕೊಳ್ಳುವ ಲೈಸೆನ್ಸ್ ಮಾತ್ರ ನಿನ್ನ ಫೋನು, ನಿನ್ನ ಉತ್ಸಾಹ, ಫೋಟೋ ಏರಿಸಿಕೊಂಡ ಕಂಪನಿ ಎಲ್ಲವನ್ನೂ ಮೀರಿ ಉಳಿಯುತ್ತದೆ. ಆದ್ದರಿಂದ ಅದನ್ನು ಓದಿ ಒಪ್ಪು.

ಮೊದಲು, ಫೋಟೋ ಯಾರದ್ದು ಅನ್ನುವುದನ್ನು ಖಚಿತ ಮಾಡಿಕೋ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಎಲ್ಲಿಯೂ ನೋಂದಾಯಿಸಬೇಕಿಲ್ಲ, ಮೂಲೆಯಲ್ಲಿ ಹೆಸರು ಅಚ್ಚು ಹಾಕಬೇಕಿಲ್ಲ. ತೆಗೆದ ಕ್ಷಣಕ್ಕೆ ಹಕ್ಕು ಹುಟ್ಟಿತು. 2012ರ ತಿದ್ದುಪಡಿಯಾದ ಮೇಲೆ ಫೋಟೋಗೂ ಕಾದಂಬರಿಯಷ್ಟೇ ಆಯಸ್ಸು: ತೆಗೆದವರ ಜೀವಿತಕಾಲ, ಆಮೇಲೆ 60 ವರ್ಷ. ಗುಂಡಿಬಿದ್ದ ರಸ್ತೆಯ ಫೋಟೋಗೆ ಇಷ್ಟೊಂದು ರಕ್ಷಣೆಯೇ ಎಂದು ನಗಬೇಡ. ಆ ರಕ್ಷಣೆ ಇರುವುದರಿಂದಲೇ ಲೈಸೆನ್ಸ್ ಬೇಕಾಗಿರುವುದು. ನೀನು ಬಾಯಿಬಿಟ್ಟು ಅನುಮತಿ ಕೊಡದಿದ್ದರೆ ಆ ಫೋಟೋವನ್ನು ಯಾರೂ ಧೈರ್ಯವಾಗಿ ಮುಟ್ಟುವ ಹಾಗಿಲ್ಲ.

ಆದರೆ ನೀನು ತೆಗೆದ ಮಾತ್ರಕ್ಕೆ ಅದು ನಿನ್ನದೇ ಆಗಿರುತ್ತದೆಂಬ ಖಾತ್ರಿಯೂ ಇಲ್ಲ. ಸಂಬಳದ ಕೆಲಸದ ಭಾಗವಾಗಿ ತೆಗೆದದ್ದು, ಬೇರೆ ಮಾತು ಆಗಿಲ್ಲದಿದ್ದರೆ, ಮಾಲೀಕರಿಗೆ ಸೇರುತ್ತದೆ. ಹಣ ಕೊಟ್ಟು ಇಂಥ ಬೀದಿಯ ಫೋಟೋ ತೆಗೆದುಕೊಡಿ ಎಂದು ಯಾರಾದರೂ ಹೇಳಿ ತೆಗೆಸಿದ್ದರೆ ಅದೂ ಅವರದೇ. ಮುಂದಿನ ವರ್ಷ ಇಂಟರ್ನ್‌ಶಿಪ್‌ಗೆ ಹೋದಾಗ ಆಫೀಸಿನ ಸಮೀಕ್ಷೆಗೆ ತೆಗೆದ ಫೋಟೋಗಳನ್ನು, ಹೇಗೂ ಬೀದಿಯದ್ದು ತಾನೇ ಎಂದು ನಿನ್ನ ಖಾತೆಯಿಂದ ಏರಿಸಬೇಡ. ಮೊದಲು ಬರಹದಲ್ಲಿ ಒಪ್ಪಿಗೆ ಕೇಳು. ಒಂದು ಇಮೇಲ್ ಸಾಕು, ಸ್ಟಾಂಪ್ ಪೇಪರ್ ಏನೂ ಬೇಡ.

ಈಗ ಮ್ಯಾಪಿಲರಿಯ ಕಥೆ. ನೀನು ಇಳಿಸಿಕೊಂಡಿರುವ ಆ್ಯಪ್ ಅದೇ ತಾನೇ? 2013ರಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಯಾನ್ ಎರಿಕ್ ಸೋಲೆಮ್ ಮತ್ತು ಸಂಗಡಿಗರು ಶುರುಮಾಡಿದ ಕಂಪನಿ. ಲೋಕದ ತುಂಬ ಜನ ಸೈಕಲ್ಲು, ಕಾರು, ಕಾಲ್ನಡಿಗೆಯಲ್ಲಿ ತೆಗೆದ ಫೋಟೋಗಳನ್ನು ಕೊಟ್ಟರು. ಬಹಳಷ್ಟು ಮಂದಿ ಕೊಟ್ಟದ್ದು ಕಂಪನಿಯ ಮೇಲಿನ ಪ್ರೀತಿಯಿಂದಲ್ಲ, ಓಪನ್‌ಸ್ಟ್ರೀಟ್‌ಮ್ಯಾಪ್ ಬೆಳೆಯಲಿ ಎಂದು. 2020ರ ಜೂನ್‌ನಲ್ಲಿ ಫೇಸ್‌ಬುಕ್ ಆ ಕಂಪನಿಯನ್ನೇ ಕೊಂಡುಕೊಂಡಿತು. ನಕ್ಷೆ ಬಳಗದಲ್ಲಿ ಗುಲ್ಲೋ ಗುಲ್ಲು. ನಾವು ಬೆವರು ಸುರಿಸಿ ತೆಗೆದದ್ದು ಹೋಗಿ ಹೋಗಿ ಯಾರ ಕೈಗೆ ಸೇರಿತು ಎಂದು ಕೆಲವರು ನೊಂದುಕೊಂಡರು. ನೋವು ಸಹಜವೇ. ಆದರೆ ಆಗ ಫೋಟೋಗಳನ್ನು ಕಾದದ್ದು ಯಾರ ಒಳ್ಳೆಯತನವೂ ಅಲ್ಲ, ಅವುಗಳ ಮೇಲಿದ್ದ ಲೈಸೆನ್ಸ್: ಮುಕ್ತ ಲೈಸೆನ್ಸ್ ರೂಪಿಸುವ ಸಂಸ್ಥೆಯಾದ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ 4.0. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಬದಲಾಯಿಸಿ ಹಂಚಿದರೆ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. ಒಮ್ಮೆ ಕೊಟ್ಟ ಈ ಅನುಮತಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ.

ನಮ್ಮ ಕಡೆ ಹೊಲ ಯಾರ ಹೆಸರಿಗೆ ಹೋದರೂ ಗ್ರಾಮ ನಕಾಶೆಯಲ್ಲಿ ಗುರುತಾದ ಬಂಡಿದಾರಿ ಹೋಗುವುದಿಲ್ಲ, ನೋಡು. ಹೊಸ ಮಾಲೀಕ ಬೇಲಿ ಹಾಕಿದರೆ ಊರವರು ನಕಾಶೆ ಹಿಡಿದುಕೊಂಡು ತಹಶೀಲ್ದಾರರ ಹತ್ತಿರ ಹೋಗುತ್ತಾರೆ. ಲೈಸೆನ್ಸ್ ಇರುವುದೂ ಹಾಗೆಯೇ, ಮಾಲೀಕತ್ವ ಬದಲಾದರೂ ಜನರ ಹಕ್ಕು ಉಳಿಯುತ್ತದೆ. ನಿಜ ಹೇಳಬೇಕೆಂದರೆ ಮಾರಾಟವಾದ ಮೇಲೆ ದಾರಿ ಅಗಲವೇ ಆಯಿತು. ಅಲ್ಲಿಯವರೆಗೆ ತನ್ನ ಸೇವೆಯ ವಾಣಿಜ್ಯ ಬಳಕೆಗೆ ಕಂಪನಿ ದುಡ್ಡು ಕೇಳುತ್ತಿತ್ತು. ಆಮೇಲೆ ಅದನ್ನೂ ಉಚಿತ ಮಾಡಿತು.

ಒಂದು ಎಚ್ಚರಿಕೆ ಮಾತ್ರ ಇಟ್ಟುಕೋ. ಲೈಸೆನ್ಸ್ ಬಳಸುವ ಹಕ್ಕನ್ನು ಕಾಯುತ್ತದೆ, ಸರ್ವರ್ ಅನ್ನು ಕಾಯುವುದಿಲ್ಲ. ನಾಳೆ ಆ ಕಂಪನಿ ಬಾಗಿಲು ಹಾಕಿದರೆ ಕೇಳುವ ಹಾಗಿಲ್ಲ. ಹಾಗಾಗಿ ಮೂಲ ಫೋಟೋಗಳು ನಿನ್ನ ಹಾರ್ಡ್ ಡಿಸ್ಕಿನಲ್ಲಿ ಇರಲಿ. ಜಾಗ ಸಾಲದೆಂದು ಏರಿಸಿದ ಮರುದಿನವೇ ಅಳಿಸಿಹಾಕುವ ಚಾಳಿ ನಿಮ್ಮ ವಯಸ್ಸಿನವರಿಗೆಲ್ಲ ಇದೆ. ಕಾಪಿರೈಟ್ ನಿನ್ನ ಹತ್ತಿರವೇ ಉಳಿಯುವುದರಿಂದ ಅದೇ ಫೋಟೋವನ್ನು ಇನ್ನೊಂದು ಕಡೆ, ಬೇರೆ ಲೈಸೆನ್ಸ್‌ನಲ್ಲಿ ಕೊಡಲೂ ನೀನು ಸ್ವತಂತ್ರ. ಮೂಲವನ್ನೇ ಅಳಿಸಿದರೆ ಆ ಸ್ವಾತಂತ್ರ್ಯದಿಂದ ಏನು ಬಂತು?

ಬೇರೆ ಕಡೆ ಎಂದರೆ ಎಲ್ಲಿ? ಕಾರ್ಟಾವ್ಯೂ ಇದೆ. ಮೊದಲು ಓಪನ್‌ಸ್ಟ್ರೀಟ್‌ಕ್ಯಾಮ್ ಎನ್ನುತ್ತಿದ್ದರು, ಈಗ ಸಿಂಗಪುರದ ಗ್ರ್ಯಾಬ್ ಕಂಪನಿಯ ಕೈಯಲ್ಲಿದೆ, ಲೈಸೆನ್ಸ್ ಅದೇ ಬಿವೈ-ಎಸ್‌ಎ. ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಪನೋರಾಮ್ಯಾಕ್ಸ್. ಫ್ರಾನ್ಸಿನ ರಾಷ್ಟ್ರೀಯ ಭೂಗೋಳ ಸಂಸ್ಥೆ ಐಜಿಎನ್ ಮತ್ತು ಆ ದೇಶದ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಗ ಕೂಡಿ ಕಟ್ಟಿದ್ದು. ಅಲ್ಲಿ ಎಲ್ಲವೂ ಒಬ್ಬರ ಉಗ್ರಾಣದಲ್ಲಿಲ್ಲ. ಯಾರು ಬೇಕಾದರೂ ತಮ್ಮ ಸರ್ವರ್ ಇಟ್ಟುಕೊಂಡು ಜಾಲಕ್ಕೆ ಸೇರಬಹುದು. ಯಾವ ಲೈಸೆನ್ಸ್ ಎಂಬುದನ್ನು ಆಯಾ ಸರ್ವರಿನವರೇ ನಿರ್ಧರಿಸುತ್ತಾರೆ. ಐಜಿಎನ್ ಸರ್ವರಿನಲ್ಲಿರುವುದು ಫ್ರೆಂಚ್ ಸರ್ಕಾರದ ಮುಕ್ತ ಲೈಸೆನ್ಸ್, ಬಳಗದ ಸರ್ವರಿನಲ್ಲಿರುವುದು ಬಿವೈ-ಎಸ್‌ಎ. ಒಂದೇ ಜಾಲದ ಅಕ್ಕಪಕ್ಕದ ಎರಡು ಫೋಟೋಗಳಿಗೆ ಬೇರೆ ಬೇರೆ ಷರತ್ತು ಇರಬಹುದು. ಬಳಸುವಾಗ ಒಂದೊಂದನ್ನೂ ನೋಡಿ ಬಳಸಬೇಕು.

ಇನ್ನು ನಿಮ್ಮಂಥವರು ಎಡವುವ ಜಾಗಕ್ಕೆ ಬರೋಣ. ಫೋಟೋ ಒಂದು, ಫೋಟೋ ನೋಡಿ ನಕ್ಷೆಗೆ ಬರೆಯುವ ಸಂಗತಿ ಇನ್ನೊಂದು. ಬೋರ್ಡಿನ ಫೋಟೋ ನೋಡಿ 'ಇಲ್ಲಿ ಮೆಡಿಕಲ್ ಸ್ಟೋರ್ ಇದೆ' ಎಂದು ಗುರುತು ಹಾಕುತ್ತೀಯಲ್ಲ, ಆಗ ನಕ್ಷೆಗೆ ಹೋಗುವುದು ಫೋಟೋ ಅಲ್ಲ, ಒಂದು ಮಾಹಿತಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಇರುವುದು ಓಡಿಬಿಎಲ್ ಎಂಬ ದತ್ತಸಂಚಯದ ಲೈಸೆನ್ಸ್‌ನಲ್ಲಿ. ಫೋಟೋದ ಬಿವೈ-ಎಸ್‌ಎಗೂ ಇದಕ್ಕೂ ಹೊಂದಾಣಿಕೆಯಿಲ್ಲ. ಎರಡೂ 'ಅದೇ ಲೈಸೆನ್ಸ್‌ನಲ್ಲಿ ಹಂಚು' ಅನ್ನುವಂಥವು. ಇಬ್ಬರು ಹಟಮಾರಿಗಳು ಒಂದೇ ಬೆಂಚಿನಲ್ಲಿ ಕೂರುವುದು ಕಷ್ಟ. ಅದಕ್ಕೇ ಮ್ಯಾಪಿಲರಿಯವರು ಪ್ರತ್ಯೇಕವಾಗಿ, ನಮ್ಮ ಫೋಟೋ ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಮಾಹಿತಿ ಸೇರಿಸಬಹುದೆಂದು ಅನುಮತಿ ಕೊಟ್ಟಿದ್ದಾರೆ. ನೀವು ನಿಶ್ಚಿಂತೆಯಿಂದ ಕೆಲಸ ಮಾಡುತ್ತಿರುವುದು ಆ ಎರಡನೆಯ ಅನುಮತಿಯ ಮೇಲೆ. 'ಫೋಟೋ ಮುಕ್ತವಾಗಿದೆ' ಎಂದು ಕಂಡ ಕೂಡಲೇ ಮುಂದೆ ಹೋಗದೆ, 'ನಕ್ಷೆಗೆ ಬರೆಯಲೂ ಬಿಟ್ಟಿದ್ದಾರೆಯೇ' ಎಂದು ನೋಡುವುದನ್ನು ರೂಢಿಸಿಕೋ.

ಇದೆಲ್ಲ ವಕೀಲರ ಕೂದಲು ಸೀಳುವ ಕೆಲಸ ಎನ್ನುತ್ತೀಯೇನೋ. 2012ರಲ್ಲಿ ಏನಾಯಿತು ಕೇಳು. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರುಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಮೊದಮೊದಲು ಬಳಸುತ್ತಿದ್ದುದು ಬಿವೈ-ಎಸ್‌ಎ 2.0. ಅದು ಬರಹ, ಚಿತ್ರಗಳಿಗೆ ಒಗ್ಗುವಂಥದ್ದು. ನಕ್ಷೆಯ ಮಾಹಿತಿಗೆ ಸರಿಹೊಂದದೆಂದು ಕೆಲವು ವರ್ಷ ಚರ್ಚೆ ನಡೆದು, 2012ರ ಸೆಪ್ಟೆಂಬರ್ 12ರಂದು ಓಡಿಬಿಎಲ್‌ಗೆ ಬದಲಾಯಿತು. ಬದಲಾಯಿಸಲು ಮಾಹಿತಿ ಕೊಟ್ಟವರೆಲ್ಲರ ಒಪ್ಪಿಗೆ ಬೇಕಿತ್ತು. ಕೆಲವರು ಒಪ್ಪಲಿಲ್ಲ, ಕೆಲವರು ಪತ್ತೆಯೇ ಇರಲಿಲ್ಲ. ಅಂಥವರು ಬರೆದಿದ್ದನ್ನು ಹುಡುಕಿ ಹುಡುಕಿ ತೆಗೆಯಲು ಒಂದು ಪ್ರೋಗ್ರಾಮನ್ನೇ ಓಡಿಸಿದರು. ಒಬ್ಬೊಬ್ಬರೂ ನಡೆದು ಅಳೆದು ಹಾಕಿದ ರಸ್ತೆಗಳು ನಕ್ಷೆಯಿಂದ ಮಾಯವಾದವು. ಉಳಿದವರು ಮತ್ತೆ ಬರೆದರು ಅನ್ನು. ಅಳತೆ ತಪ್ಪಿ ಅಳಿಸುವುದು ಸರ್ವೆಯವರಿಗೆ ಗೊತ್ತು. ಅಳತೆ ಸರಿಯಿದ್ದೂ ಕಾಗದ ಸರಿಯಿಲ್ಲದೆ ಅಳಿಸಬೇಕಾಗಿ ಬಂದರೆ ಹೊಟ್ಟೆ ಉರಿಯುತ್ತದೆ.

ಗೂಗಲ್ ಸ್ಟ್ರೀಟ್ ವ್ಯೂ ನೋಡಿ ನಕ್ಷೆಗೆ ಬರೆಯಬಾರದು ಅನ್ನುವುದಕ್ಕೂ ಇದೇ ಕಾರಣ. ಅವರ ಕಾರು 2011ರಲ್ಲಿ ಬೆಂಗಳೂರಿನಲ್ಲಿ ಫೋಟೋ ತೆಗೆಯಲು ಶುರುಮಾಡಿದಾಗ ಪೊಲೀಸರು ತಡೆದರು. 2021ರ ಸರ್ಕಾರಿ ಮಾರ್ಗಸೂಚಿ ಇಂಥ ಬೀದಿ ಸಮೀಕ್ಷೆಯನ್ನು ಭಾರತೀಯರಿಗೆ ಮಾತ್ರ ಬಿಟ್ಟಿತು. ಹಾಗಾಗಿ 2022ರ ಜುಲೈನಲ್ಲಿ ಜೆನೆಸಿಸ್ ಇಂಟರ್‌ನ್ಯಾಷನಲ್, ಟೆಕ್ ಮಹೀಂದ್ರ ತೆಗೆದ ಫೋಟೋಗಳೊಂದಿಗೆ ಬೆಂಗಳೂರೂ ಸೇರಿ ಹತ್ತು ಊರುಗಳಲ್ಲಿ ಅದು ಬಂತು. ಮನೆಯಲ್ಲೇ ಕುಳಿತು ನೋಡಬಹುದು, ಚೆನ್ನಾಗಿಯೂ ಇದೆ. ನೋಡು, ದಾರಿ ಹುಡುಕು, ಆದರೆ ಅದರಲ್ಲಿ ಕಂಡ ಅಂಗಡಿಯ ಹೆಸರನ್ನು ತಂದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಬರೆಯಬೇಡ. ಅಂಗಡಿಯ ಹೆಸರು ಯಾರಪ್ಪನ ಆಸ್ತಿ ಎಂದು ನಿನ್ನ ಸ್ನೇಹಿತರು ವಾದಿಸುತ್ತಾರೆ. ಒಂದು ಹೆಸರಿನ ಮಟ್ಟಿಗೆ ಆ ವಾದದಲ್ಲಿ ಹುರುಳಿದೆ. ಆದರೆ ಗೂಗಲ್‌ನ ಷರತ್ತುಗಳು ಅದನ್ನು ಒಪ್ಪುವುದಿಲ್ಲ. ಯುರೋಪಿನಲ್ಲಿ 1996ರ ನಿರ್ದೇಶನದ ಪ್ರಕಾರ ದತ್ತಸಂಚಯಕ್ಕೇ ಬೇರೊಂದು ಹಕ್ಕು ಇದೆ, ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್ ಬಳಕೆಯಾಗುವುದು ಎಲ್ಲ ದೇಶಗಳಲ್ಲಿ. ಎರಡು ಬೀದಿ ನಡೆಯಲು ಸೋಮಾರಿತನ ಮಾಡಿ ಇಡೀ ನಕ್ಷೆಯ ಮೇಲೆ ಅನುಮಾನ ತರುವುದೇ? ನಿನ್ನದೇ ಫೋಟೋ ಇದ್ದರೆ ಈ ತಕರಾರೇ ಇಲ್ಲ. ಅದರಲ್ಲೂ ಕನ್ನಡದ ಬೋರ್ಡುಗಳನ್ನು ಓದಿ ಬೀದಿಯ ಹೆಸರನ್ನು ಕನ್ನಡದ ಟ್ಯಾಗ್‌ನಲ್ಲಿ ಸರಿಯಾಗಿ ಬರೆಯುವವರು ನಮಗೆ ಬೇಕು. ಇಂಗ್ಲಿಷ್ ಕಾಗುಣಿತದಿಂದ ಊಹೆ ಮಾಡಿ ಹಳ್ಳಿ ಎಂಬುದನ್ನು ಹಲ್ಲಿ ಮಾಡಿದರೆ ಹೇಗಿರುತ್ತದೆ ಹೇಳು.

ಲೈಸೆನ್ಸ್ ಕೊಡಲಾಗದ ಸಂಗತಿಯೂ ಒಂದಿದೆ. ನೀನು ಅನುಮತಿ ಕೊಡುವುದು ನಿನ್ನ ಕಾಪಿರೈಟಿನ ಮಟ್ಟಿಗೆ ಮಾತ್ರ. ಜಗಲಿಯ ಮೇಲೆ ಕುಳಿತ ಅಜ್ಜಿಯ ಖಾಸಗಿತನವನ್ನು ಬಿಟ್ಟುಕೊಡಲು ನೀನು ಯಾರು? ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲೇ ಅದು ಸ್ಪಷ್ಟವಾಗಿದೆ, ಫೋಟೋದಲ್ಲಿರುವ ಬೇರೆಯವರ ಖಾಸಗಿ ಹಕ್ಕು ಅದರ ವ್ಯಾಪ್ತಿಗೆ ಬರುವುದಿಲ್ಲ. ಮ್ಯಾಪಿಲರಿ ಮುಖಗಳನ್ನೂ ಗಾಡಿಯ ನಂಬರ್ ಪ್ಲೇಟುಗಳನ್ನೂ ತಾನಾಗಿ ಮಸುಕು ಮಾಡುತ್ತದೆ, ನಿಜ. ಆದರೆ ಯಂತ್ರದ ಕಣ್ಣು ತಪ್ಪುವುದುಂಟು. 'ಮನೆ ಬಾಡಿಗೆಗೆ ಇದೆ' ಬೋರ್ಡಿನ ಫೋನ್ ನಂಬರನ್ನೋ, ಗೇಟಿನ ಮೇಲಿನ ಹೆಸರನ್ನೋ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಏರಿಸಿದ ಮೇಲೆ ಒಮ್ಮೆ ಕಣ್ಣಾಡಿಸು. ಯಾರಾದರೂ ಬಂದು ತೆಗೆಯಪ್ಪ ಅಂದರೆ ವಾದಕ್ಕೆ ನಿಲ್ಲದೆ ಅಳಿಸು. ಶಾಲೆ ಬಿಡುವ ಹೊತ್ತಿನಲ್ಲಿ ಶಾಲೆಯ ಮುಂದೆ, ಆಸ್ಪತ್ರೆಯ ಬಾಗಿಲಲ್ಲಿ ಕ್ಯಾಮೆರಾ ನಿಲ್ಲಿಸಿಬಿಡು. ಮಿಲಿಟರಿ ಜಾಗಗಳ ಹತ್ತಿರ ಸುಳಿಯಲೇ ಬೇಡ, ಅಲ್ಲಿ ಕಾಪಿರೈಟ್ ಮಾತಾಡಿದರೆ ಯಾರೂ ಕೇಳುವುದಿಲ್ಲ. ಇನ್ನೊಂದು, ರೆಕಾರ್ಡಿಂಗನ್ನು ನಿಮ್ಮ ಮನೆ ಗೇಟಿನಿಂದ ಶುರುಮಾಡಬೇಡ. ದಿನವೂ ಅಲ್ಲಿಂದಲೇ ಹೊರಟು ಅಲ್ಲಿಗೇ ಬಂದು ನಿಲ್ಲುವ ಜಿಪಿಎಸ್ ಗೆರೆ ನೋಡಿದರೆ ನೀನು ಎಲ್ಲಿರುತ್ತೀಯೆಂದು ಮಗುವಿಗೂ ತಿಳಿಯುತ್ತದೆ.

ಗೋಡೆಚಿತ್ರಗಳ ವಿಷಯ ಸ್ವಲ್ಪ ಸೂಕ್ಷ್ಮ. ಕಟ್ಟಡದ ಫೋಟೋ, ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಶಿಲ್ಪದ ಫೋಟೋ ತೆಗೆದು ಪ್ರಕಟಿಸಲು ನಮ್ಮ ಕಾಯ್ದೆಯ 52ನೇ ಕಲಮು ಬಿಟ್ಟಿದೆ. ಗೋಡೆಯ ಮೇಲಿನ ಬಣ್ಣದ ಚಿತ್ರಕ್ಕೆ ಆ ವಿನಾಯಿತಿ ಇಲ್ಲ. ಬೀದಿಯುದ್ದಕ್ಕೂ ಹೋಗುವಾಗ ಒಂದು ಗೋಡೆ ಬಂದು ಹೋದರೆ ತಲೆಕೆಡಿಸಿಕೊಳ್ಳಬೇಡ. ಚಿತ್ರವನ್ನೇ ಎದುರಿಗಿಟ್ಟು ತುಂಬು ಚೌಕಟ್ಟಿನಲ್ಲಿ ತೆಗೆದು ಮುಕ್ತ ಲೈಸೆನ್ಸ್ ಹಚ್ಚುವುದು ಬೇಡ. ಅದು ಆ ಕಲಾವಿದನ ಹೊಟ್ಟೆಪಾಡು.

ನಿನ್ನ ಫೋಟೋದಿಂದ ಯಾರೋ ದುಡ್ಡು ಮಾಡುತ್ತಾರೆ, ಅದಕ್ಕೂ ಈಗಲೇ ಮನಸ್ಸು ಸಿದ್ಧ ಮಾಡಿಕೋ. ಬಿವೈ-ಎಸ್‌ಎ ವಾಣಿಜ್ಯ ಬಳಕೆಯನ್ನು ತಡೆಯುವುದಿಲ್ಲ. ಯಂತ್ರಗಳಿಗೆ ರಸ್ತೆ ಗುರುತಿಸಲು ಕಲಿಸುವುದಕ್ಕೂ ಇವು ಹೋಗುತ್ತವೆ. 2017ರಲ್ಲೇ ಮ್ಯಾಪಿಲರಿ ತನ್ನಲ್ಲಿದ್ದ 25,000 ಫೋಟೋಗಳನ್ನು ಆರಿಸಿ ಅದಕ್ಕೆಂದೇ ಒಂದು ಸಂಗ್ರಹ ಹೊರತಂದಿತ್ತು. ಇದು ಹಿಡಿಸದಿದ್ದರೆ ಏರಿಸಬೇಡ, ತಪ್ಪೇನಿಲ್ಲ. ಮನೆಯಲ್ಲಿ ಕುಳಿತು ನಿನ್ನ ಫೋಟೋ ನೋಡಿಕೊಂಡೇ ನಕ್ಷೆಗೆ ಬರೆಯಬಹುದಲ್ಲ. 'ವಾಣಿಜ್ಯ ಬಳಕೆ ಕೂಡದು' ಎಂಬ ಷರತ್ತು ಹಾಕಿ ಇಟ್ಟರೆ ವಿಕಿಮೀಡಿಯಾ ಕಾಮನ್ಸ್‌ನವರೂ ತೆಗೆದುಕೊಳ್ಳುವುದಿಲ್ಲ, ಸಣ್ಣ ಪತ್ರಿಕೆಯವರೂ ಹಿಂಜರಿಯುತ್ತಾರೆ. ದೊಡ್ಡ ಕಂಪನಿಯನ್ನು ದೂರವಿಡಲು ಹೋಗಿ ನಮ್ಮವರನ್ನೇ ದೂರವಿಟ್ಟಂತಾಗುತ್ತದೆ. ನನ್ನ ಕೇಳಿದರೆ ಕೊಡು ಅಂತಲೇ ಹೇಳುತ್ತೇನೆ. ಮುನಿಸಿಕೊಂಡು ಕೊಡಬೇಡ ಅಷ್ಟೆ.

ನೀನು ಬೇರೆಯವರ ಫೋಟೋ ಬಳಸಿದಾಗ ತೆಗೆದವರ ಹೆಸರು, ಲೈಸೆನ್ಸ್, ಎಲ್ಲಿಂದ ಬಂತೆಂಬ ಕೊಂಡಿ, ಬದಲಾಯಿಸಿದ್ದರೆ ಅದರ ಸೂಚನೆ, ಇಷ್ಟು ಕೆಳಗೆ ಬರೆ. ಮರೆತಿದ್ದನ್ನು ಯಾರಾದರೂ ತೋರಿಸಿಕೊಟ್ಟರೆ 30 ದಿನದೊಳಗೆ ಸರಿಪಡಿಸು, 4.0ರಲ್ಲಿ ಹಾಗೆ ಮಾಡಿದರೆ ಕಳೆದುಹೋದ ಹಕ್ಕು ತಾನಾಗಿ ಮರಳುತ್ತದೆ.

ಭಾನುವಾರ ಗುಂಪು ಕಟ್ಟಿಕೊಂಡು ಹೋಗುತ್ತೀರಲ್ಲ, ಒಬ್ಬೊಬ್ಬರೂ ಅವರವರ ಖಾತೆ ತೆರೆದು ಅವರೇ ಏರಿಸಲಿ. ಸುಲಭವಾಗಲೆಂದು ಎಲ್ಲರ ಫೋಟೋವನ್ನೂ ನಿನ್ನ ಹೆಸರಿನಲ್ಲಿ ಹಾಕಿದರೆ ನಿನ್ನದಲ್ಲದ ಹಕ್ಕನ್ನು ನೀನು ದಾನ ಮಾಡಿದಂತೆ. ಪಿಯುಸಿ ಹುಡುಗರೂ ಬರುತ್ತಾರೆಂದು ಕೇಳಿದೆ. 18 ತುಂಬದವರು ಮಾಡಿಕೊಂಡ ಕರಾರು ನಮ್ಮ 1872ರ ಕರಾರು ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ಆದ್ದರಿಂದ ಅವರು ಫೋಟೋ ಏರಿಸುವುದು ಬೇಡ, ಅವರ ಕೈಗೆ ಒಂದೊಂದು ನೋಟ್‌ಬುಕ್ ಕೊಟ್ಟು ಅಂಗಡಿಯ ಹೆಸರು, ಅಡ್ಡರಸ್ತೆಯ ನಂಬರು, ನಲ್ಲಿ, ಬಸ್ ಸ್ಟಾಪು ಬರೆದುಕೊಳ್ಳಲು ಹೇಳು. ಅದನ್ನು ನೀನು ಸಂಜೆ ಕುಳಿತು ನಕ್ಷೆಗೆ ಸೇರಿಸು.